ಸುಮ್ನೆ ಕೂತಿರಿ ಅಂದರೆ ಕೂರಬೇಡಿ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಕೆಲಸಕ್ಕೆ ಸಂಬಂಧಪಟ್ಟವು. ಕಣ್ಣು ಕಾಣದವರು, ಕಿವಿ ಕೇಳದವರು, ಅವರ ಮನೆಯವರು, ಜೊತೆಯಲ್ಲಿ ಕೆಲಸ ಮಾಡುವವರು ಬರೆದಿದ್ದಾರೆ. ಹೊಸ ಓದುಗರಿಗೆ ನನ್ನ ಪರಿಚಯ: ನನಗೂ ಎರಡು ಕಣ್ಣು ಕಾಣುವುದಿಲ್ಲ. ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ. ನೀವು ಟೈಪ್ ಮಾಡಿ ಕಳಿಸಿದ ಪತ್ರಗಳನ್ನು ಫೋನೇ ನನಗೆ ಓದಿ ಹೇಳುತ್ತದೆ. ಕೈಬರಹದ ಪತ್ರಗಳನ್ನು ನಮ್ಮ ಅತ್ತಿಗೆ ಓದುತ್ತಾರೆ. ಅವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವವರಲ್ಲ, ಧೈರ್ಯವಾಗಿ ಬರೆಯಿರಿ. ಹೆಸರು ಬೇಡ ಎಂದವರ ಹೆಸರು ಹಾಕಿಲ್ಲ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಪೂರ್ತಿ ದೃಷ್ಟಿ ಇಲ್ಲದವನು. ಅಂಗವಿಕಲರ ಮೀಸಲಾತಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಆಯ್ಕೆಯಾಗಿ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿದ್ದೇನೆ. ಬೆಳಿಗ್ಗೆ ಹಾಜರಿ ಹಾಕುತ್ತೇನೆ, ಸಂಜೆ ಮನೆಗೆ ಬರುತ್ತೇನೆ. ನಡುವೆ ಕೆಲಸ ಇಲ್ಲ. ಕೇಳಿದರೆ, 'ಸಂಬಳ ಬರುತ್ತಲ್ಲ ಸಾರ್, ಸುಮ್ನೆ ಕೂತಿರಿ, ನಿಮಗ್ಯಾಕೆ ತೊಂದರೆ' ಅನ್ನುತ್ತಾರೆ. ಅವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಕಂಪ್ಯೂಟರ್ ಕೊಟ್ಟಿಲ್ಲ. ಕಾಲೇಜಿನಲ್ಲಿದ್ದಾಗ ಎನ್‌ವಿಡಿಎ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸಿ ಕೆಲಸ ಮಾಡುತ್ತಿದ್ದೆ. ಈಗ ಅದೂ ಮರೆತುಹೋಗುತ್ತಿದೆ. ಏನು ಮಾಡಲಿ?
(ತಿಪಟೂರು ಕಡೆಯ ಓದುಗರು)

ಉತ್ತರ: ಇಂಥ ಪತ್ರ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಓದಿ, ಪರೀಕ್ಷೆ ಬರೆದು, ಪಾಸಾಗಿ ಬಂದವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಬಿಡುವುದು ದಯೆ ಅಲ್ಲ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಾಳೆ ಬಡ್ತಿಯ ಸಮಯ ಬಂದಾಗ ನಿಮ್ಮ ಕಾರ್ಯನಿರ್ವಹಣೆ ವರದಿಯಲ್ಲಿ ಬರೆಯಲು ಏನಿರುತ್ತದೆ? 'ಇವರಿಗೆ ಕೆಲಸದ ಅನುಭವ ಇಲ್ಲ' ಎಂದು ಆಗ ಅದೇ ಜನ ಬರೆಯುತ್ತಾರೆ. ಆಮೇಲೆ ನಿಮ್ಮ ಹಿಂದೆ ಬರುವ ಇನ್ನೊಬ್ಬ ಕುರುಡು ಹುಡುಗನಿಗೂ ಅದೇ ಕುರ್ಚಿ ತೋರಿಸುತ್ತಾರೆ.

ಕಾನೂನು ನಿಮ್ಮ ಪರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 20ನೇ ಸೆಕ್ಷನ್ನು ಸರ್ಕಾರಿ ಕೆಲಸದ ಬಗ್ಗೆ. ಉದ್ಯೋಗದ ಯಾವ ವಿಷಯದಲ್ಲೂ ತಾರತಮ್ಯ ಮಾಡಬಾರದು, ಅಂಗವಿಕಲ ನೌಕರರಿಗೆ ಕೆಲಸ ಮಾಡಲು ತಕ್ಕ ಅನುಕೂಲ ಮತ್ತು ಅಡೆತಡೆ ಇಲ್ಲದ ವಾತಾವರಣ ಕೊಡಬೇಕು, ಅಂಗವಿಕಲತೆ ಒಂದೇ ಕಾರಣಕ್ಕೆ ಬಡ್ತಿ ತಪ್ಪಿಸಬಾರದು ಅನ್ನುತ್ತದೆ. ಈ ತಕ್ಕ ಅನುಕೂಲಕ್ಕೆ ಕಾನೂನಿನಲ್ಲಿ ರೀಸನಬಲ್ ಅಕಾಮಡೇಶನ್ ಎಂಬ ಹೆಸರಿದೆ. ಅರ್ಜಿಯಲ್ಲಿ ಆ ಹೆಸರನ್ನು ಹಾಗೇ ಬರೆಯಿರಿ. ಅದನ್ನು ಕೊಡದೆ ಇರುವುದೂ ತಾರತಮ್ಯವೇ ಎಂದು ಅಧಿನಿಯಮದ ವ್ಯಾಖ್ಯಾನದಲ್ಲೇ ಇದೆ. ಅಂದರೆ ನಿಮಗೆ ಕಂಪ್ಯೂಟರ್ ಕೊಡದಿರುವುದು ಬರೀ ಅಸಡ್ಡೆ ಅಲ್ಲ, ಕಾನೂನಿನ ಉಲ್ಲಂಘನೆ. ನಿಮ್ಮ ಪಕ್ಕದ ಮೇಜಿನವರಿಗೆ ಕಚೇರಿ ಟ್ಯೂಬ್‌ಲೈಟ್ ಹಾಕಿಕೊಟ್ಟಿದೆ, ಅದರ ಕರೆಂಟ್ ಬಿಲ್ಲನ್ನು ಯಾರೂ ಉಪಕಾರ ಅನ್ನುವುದಿಲ್ಲ. ನಿಮಗೆ ಬೇಕಾದ ಸ್ಕ್ರೀನ್ ರೀಡರ್ ಕೂಡ ಅಷ್ಟೇ.

ಈಗ ನಾನು ಯಾವಾಗಲೂ ಹೇಳುವ ಮಾತು: ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. 'ನನಗೆ ಕೆಲಸ ಕೊಡಿ, ಸೌಲಭ್ಯ ಕೊಡಿ' ಅಂತ ಬರೆಯಬೇಡಿ. ಏನು ಬೇಕೋ ಅದರ ಹೆಸರು ಹೇಳಿ ಬರೆಯಿರಿ. ಬರೀ ಸೌಲಭ್ಯ ಅಂದರೆ ಅಧಿಕಾರಿಗೆ ಏನು ಕೊಡಬೇಕೆಂದು ಗೊತ್ತಾಗುವುದಿಲ್ಲ, ಗೊತ್ತಾಗದ ಅರ್ಜಿಯನ್ನು ಅವರು ಕಡತದೊಳಗೆ ಇಟ್ಟುಬಿಡುತ್ತಾರೆ.

ನಿಮಗೆ ಬೇಕಾದದ್ದನ್ನು ನಾನು ಊಹಿಸುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್. ಅದರಲ್ಲಿ ಎನ್‌ವಿಡಿಎ ಹಾಕಲು ಅನುಮತಿ. ಎನ್‌ವಿಡಿಎಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಶುರುಮಾಡಿದ ತಂತ್ರಾಂಶ ಅದು, ಇವತ್ತಿಗೂ ಉಚಿತ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಒರಟು, ಆದರೆ ಕೆಲಸಕ್ಕೆ ಸಾಕು. ಹಾಗಾಗಿ 'ಅನುದಾನ ಇಲ್ಲ' ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಆಮೇಲೆ ಇ-ಆಫೀಸಿನಲ್ಲಿ ನಿಮ್ಮ ಹೆಸರಿಗೆ ಒಂದು ಲಾಗಿನ್ ಕೇಳಿ. ಕಾಗದದ ಕಡತಕ್ಕಿಂತ ಪರದೆಯ ಕಡತ ನಮಗೆ ಎಷ್ಟೋ ಮೇಲು.

ಇನ್ನೊಂದು ತೊಡಕು ಇದೆ. ಇದು ಕನ್ನಡದಲ್ಲಿ ಕೆಲಸ ಮಾಡುವ ನಮ್ಮಂಥವರಿಗೇ ಗೊತ್ತು. ಕಚೇರಿಯ ಹಳೆಯ ಪತ್ರಗಳು ಬಹಳಷ್ಟು, ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಕಣ್ಣಿಗೆ ಅದು ಕನ್ನಡವೇ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಎನ್‌ವಿಡಿಎ ಅದನ್ನು ಓದಲು ಹೋದರೆ ಅರ್ಥವಿಲ್ಲದ ಸದ್ದು ಬರುತ್ತದೆ. ನನಗೂ ಕಕ್ಷಿದಾರರು ಇಂಥ ಫೈಲು ಕಳಿಸುತ್ತಾರೆ. ತೆರೆದ ಕೂಡಲೇ ಗೊತ್ತಾಗುತ್ತದೆ, ವಾಪಸ್ ಕಳಿಸಿ ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡ ಕನ್ನಡವಾಗಿಯೇ ತಿಳಿಯುವ ಅಕ್ಷರ ಸಂಕೇತದಲ್ಲಿ ಕೊಡಿ ಅನ್ನುತ್ತೇನೆ. ಈಗಿನ ನುಡಿಯಲ್ಲೇ ಯುನಿಕೋಡ್ ಇದೆ, ಹಳೆಯದನ್ನು ಬದಲಾಯಿಸುವ ಪರಿವರ್ತಕಗಳೂ ಇವೆ. ಅದಕ್ಕೇ ನಿಮ್ಮ ಅರ್ಜಿಯಲ್ಲಿ ಒಂದು ಸಾಲು ಇರಲಿ: 'ನನಗೆ ಬರುವ ಎಲ್ಲ ಪತ್ರ, ಸುತ್ತೋಲೆಗಳನ್ನು ಯುನಿಕೋಡ್ ಕನ್ನಡದಲ್ಲಿ ಕೊಡಬೇಕು. ಸ್ಕ್ಯಾನ್ ಮಾಡಿದ ಚಿತ್ರವಾಗಿ ಕೊಟ್ಟರೆ ಅದರ ಪಠ್ಯವನ್ನೂ ಕೊಡಬೇಕು.' ಸ್ಕ್ಯಾನ್ ಮಾಡಿದ ಪುಟ ನಮಗೆ ಬರೀ ಫೋಟೋ. ಗೂಗಲ್ ಡ್ರೈವ್ ಅಂಥ ಪುಟದಿಂದ ಕನ್ನಡ ಅಕ್ಷರಗಳನ್ನು ಎತ್ತಿಕೊಡುತ್ತದೆ ನಿಜ, ಆದರೆ ಸರ್ಕಾರಿ ಕಡತವನ್ನು ನಿಮ್ಮ ಸ್ವಂತ ಖಾತೆಗೆ ಹಾಕಬೇಡಿ. ಅದರಿಂದ ಬೇರೆ ತಾಪತ್ರಯ ಬರುತ್ತದೆ.

ಯಾವ ಕೆಲಸ ಮಾಡಬಲ್ಲಿರಿ ಎಂದು ನೀವೇ ಹೇಳಿ. ಅದನ್ನು ಅವರು ಊಹಿಸಲಿ ಎಂದು ಬಿಟ್ಟರೆ ಫೋನ್ ಎತ್ತುವ ಕೆಲಸ ಒಂದನ್ನೇ ಕೊಡುತ್ತಾರೆ. ಪತ್ರಗಳ ಕರಡು ತಯಾರಿಸುವುದು, ಟಪಾಲು ನೋಂದಣಿ, ಮಾಹಿತಿ ಹಕ್ಕು ಅರ್ಜಿಗಳಿಗೆ ಉತ್ತರ ಸಿದ್ಧಮಾಡುವುದು, ಸಭೆಯ ನಡಾವಳಿ ಬರೆಯುವುದು, ಬಾಕಿ ಕಡತಗಳ ಪಟ್ಟಿ ಇಡುವುದು, ಇವೆಲ್ಲ ಸ್ಕ್ರೀನ್ ರೀಡರಿನಿಂದ ಆಗುವ ಕೆಲಸಗಳು. ಹಳೆಯ ಕೈಬರಹದ ದಾಖಲೆ ಓದುವುದು ಆಗುವುದಿಲ್ಲ, ಅದನ್ನೂ ಹೇಳಿ. ಆಗದ್ದನ್ನು ಆಗುವುದಿಲ್ಲ ಎಂದು ನೀವೇ ಹೇಳಿದರೆ, ಆಗುತ್ತದೆ ಎಂದದ್ದನ್ನು ಅವರು ನಂಬುತ್ತಾರೆ.

ಅರ್ಜಿ ಕಚೇರಿ ಮುಖ್ಯಸ್ಥರ ಹೆಸರಿಗೆ ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಸರಿಯಾಗಿ ಬಿದ್ದಿದೆಯಾ ಅಂತ ನಂಬಿಕೆಯವರನ್ನು ಕೇಳಿ ನೋಡಿ. ಅದರಿಂದ ಕೆಲಸ ಆಗದಿದ್ದರೆ ಕುಂದುಕೊರತೆ ಪರಿಹಾರ ಅಧಿಕಾರಿಗೆ ದೂರು ಕೊಡಿ. ಪ್ರತಿ ಸರ್ಕಾರಿ ಸಂಸ್ಥೆಯೂ ಅಂಥ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದು 23ನೇ ಸೆಕ್ಷನ್ ಹೇಳುತ್ತದೆ. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಅಲ್ಲೂ ಸಮಾಧಾನ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಬೆಂಗಳೂರಿನಲ್ಲಿ ಅಂಗವಿಕಲರ ಕಾನೂನಿನ ರಾಜ್ಯ ಆಯುಕ್ತರಿದ್ದಾರೆ. ವಿಚಾರಣೆಗೆ ಜನರನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನಷ್ಟು ಅಧಿಕಾರ ಇದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ತೆಗೆದುಕೊಂಡೆವು ಎಂದು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು.

ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಅದರ ಪ್ರತಿ ಕೊಡಿ, ಕುಂದುಕೊರತೆ ಪರಿಹಾರ ಅಧಿಕಾರಿ ಯಾರು ತಿಳಿಸಿ ಎಂದು ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ನೆನಪಿರಲಿ. ಎಷ್ಟೋ ಕಚೇರಿಗಳು ಆ ಅರ್ಜಿ ಬಂದ ಮೇಲೆಯೇ ನೀತಿ ಬರೆಯಲು ಕೂರುತ್ತವೆ. ಆದರೂ ಪರವಾಗಿಲ್ಲ, ಬರೆಯಲಿ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಎನ್‌ವಿಡಿಎ ಅಭ್ಯಾಸ ಬಿಡಬೇಡಿ. ಬೆರಳಿಗೆ ಕೀಲಿಮಣೆ ಮರೆಯಬಾರದು.

ಪ್ರಶ್ನೆ: ಚಿಕ್ಕಂದಿನಲ್ಲಿ ಪೆಟ್ಟುಬಿದ್ದು ನನ್ನ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದು ಚೆನ್ನಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಶೇ 30 ಎಂದು ಬರೆದುಕೊಟ್ಟರು. ನನಗೆ ಮೀಸಲಾತಿ ಇದೆಯಾ?
(ಗುಬ್ಬಿ)

ಉತ್ತರ: ಇಲ್ಲ. ಮೀಸಲಾತಿಗೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ಮಾರ್ಗಸೂಚಿಯ ಪ್ರಕಾರ ಶೇ 30 ಬರುತ್ತದೆ, ವೈದ್ಯರು ಸರಿಯಾಗಿಯೇ ಬರೆದಿದ್ದಾರೆ. ಶೇಕಡಾ ಹೆಚ್ಚು ಬರೆಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದು ಅಪರಾಧ, ನಿಜವಾಗಿ ಬೇಕಾದವರ ಹುದ್ದೆ ಕಿತ್ತುಕೊಂಡ ಹಾಗೂ ಆಗುತ್ತದೆ. ಆದರೆ ಒಂದು ಕಣ್ಣಿಲ್ಲ ಎಂಬ ಕಾರಣಕ್ಕೇ ನಿಮ್ಮನ್ನು ಕೆಲಸದಿಂದ ದೂರ ಇಟ್ಟರೆ ಸುಮ್ಮನಿರಬೇಕಾಗಿಲ್ಲ. ತಾರತಮ್ಯ ಮಾಡಬಾರದು ಎಂಬ ಮಾತಿಗೆ ಶೇ 40ರ ಗೆರೆ ಇಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿದ್ದಾಳೆ. ವಸಂತನರಸಾಪುರದ ಕಡೆ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಕೈಕೆಲಸದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದಳು, ಅವರೇ ಹೊಗಳಿದರು. ಆಮೇಲೆ 'ಸೈರನ್ ಕೇಳಿಸಲ್ಲ, ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ' ಎಂದು ಕಳಿಸಿಬಿಟ್ಟರು. ಅಲ್ಲಿದ್ದ ಒಬ್ಬರು ಎಲ್ಲರ ಮುಂದೆ 'ಈ ಮೂಗೀನ ಯಾರು ನೋಡ್ಕೊತಾರೆ' ಅಂದರು. ಅವಳಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಖಾಸಗಿ ಕಂಪನಿಯನ್ನು ಕೇಳುವ ಹಕ್ಕು ನಮಗಿದೆಯಾ?
(ಕೊರಟಗೆರೆ)

ಉತ್ತರ: ಇದೆ ಅಮ್ಮ. ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ.

ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ 4ಕ್ಕೆ ಕಡಿಮೆ ಇಲ್ಲದ ಮೀಸಲಾತಿ ಇಡಬೇಕೆಂದು ಅಧಿನಿಯಮ ಹೇಳುತ್ತದೆ. ಅದರಲ್ಲಿ ಶೇ 1 ಕಣ್ಣು ಕಾಣದವರಿಗೆ ಮತ್ತು ಮಂದದೃಷ್ಟಿಯವರಿಗೆ, ಶೇ 1 ಕಿವಿ ಕೇಳದವರಿಗೆ. 1995ರ ಹಳೆಯ ಕಾನೂನಿನಲ್ಲಿ ಒಟ್ಟು ಶೇ 3 ಇತ್ತು. ಖಾಸಗಿ ಕಂಪನಿಗೆ ಇಂಥ ಕಡ್ಡಾಯ ಮೀಸಲಾತಿ ಇಲ್ಲ. ತಮ್ಮ ನೌಕರರಲ್ಲಿ ಶೇ 5ರಷ್ಟು ಅಂಗವಿಕಲರನ್ನು ಇಟ್ಟುಕೊಳ್ಳುವ ಮಾಲೀಕರಿಗೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಇದೆ. ಆದ್ದರಿಂದ 'ನಮ್ಮ ಮಗಳಿಗೆ ಕೋಟಾ ಕೊಡಿ' ಎಂದು ಅಲ್ಲಿ ಕೇಳಲು ಆಗುವುದಿಲ್ಲ.

ಆದರೆ ಪರೀಕ್ಷೆಯಲ್ಲಿ ಗೆದ್ದವಳನ್ನು ಕಿವಿಯ ಕಾರಣಕ್ಕೆ ತಳ್ಳಿಹಾಕಿದ್ದು ಬೇರೆ ವಿಷಯ. ಅಂಗವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂಬ 3ನೇ ಸೆಕ್ಷನ್ ಇದೆ. 2017ರ ಕೇಂದ್ರ ನಿಯಮಗಳ ಪ್ರಕಾರ, 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯ ಮುಖ್ಯಸ್ಥರಿಗೆ ಇಂಥ ದೂರು ಬಂದರೆ ಅವರು ಕ್ರಮ ಕೈಗೊಳ್ಳಬೇಕು. ಇಲ್ಲವೇ ತಾವು ಮಾಡಿದ್ದು ಯಾಕೆ ನ್ಯಾಯ ಎಂದು ದೂರು ಕೊಟ್ಟವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಈ ಬರವಣಿಗೆಯೇ ಮುಖ್ಯ. ಬಾಯಲ್ಲಿ 'ಸೈರನ್ ಕೇಳಿಸಲ್ಲ' ಅನ್ನುವುದು ಸುಲಭ. ಅದನ್ನೇ ಕಂಪನಿಯ ಕಾಗದದಲ್ಲಿ ಸಹಿ ಹಾಕಿ ಬರೆಯಬೇಕಾದರೆ ಹತ್ತು ಸಲ ಯೋಚಿಸುತ್ತಾರೆ. ಇನ್ನೊಂದು ನಿಯಮವೂ ಅಲ್ಲೇ ಇದೆ: ತಕ್ಕ ಅನುಕೂಲಕ್ಕೆ ತಗಲುವ ಖರ್ಚನ್ನು, ಪೂರ್ತಿಯಾಗಲಿ ಭಾಗಶಃ ಆಗಲಿ, ಅಂಗವಿಕಲ ವ್ಯಕ್ತಿಯಿಂದ ವಸೂಲಿ ಮಾಡುವಂತಿಲ್ಲ.

ಈಗ ಸೈರನ್ ವಿಷಯ. ಸುರಕ್ಷತೆಯ ಪ್ರಶ್ನೆಯನ್ನು ನಾವು ಹಗುರವಾಗಿ ನೋಡಬಾರದು, ಅದು ನಿಮ್ಮ ಮಗಳ ಜೀವದ ಪ್ರಶ್ನೆಯೂ ಹೌದು. ಆದರೆ ಅದಕ್ಕೆ ಪರಿಹಾರ ಇದೆ. ಸೈರನ್ ಜೊತೆಗೆ ಮಿನುಗುವ ಕೆಂಪು ದೀಪ ಹಾಕಿದರೆ ಆಯಿತು. ಮೈಮೇಲೆ ಇಟ್ಟುಕೊಳ್ಳುವ, ಅಲುಗಾಡಿ ಎಚ್ಚರಿಸುವ ಸಾಧನಗಳಿವೆ. ಸಾಲಿನಲ್ಲಿ ಪಕ್ಕದಲ್ಲಿ ಕೂರುವ ಒಬ್ಬರನ್ನು ಜೊತೆಗಾರರಾಗಿ ಗೊತ್ತುಮಾಡಿ, ತುರ್ತು ಸಮಯದಲ್ಲಿ ಇವರು ಅವಳ ಹೆಗಲು ಮುಟ್ಟಬೇಕು ಎಂದು ಅಭ್ಯಾಸ ಮಾಡಿಸಬಹುದು. ಫೋರ್ಕ್‌ಲಿಫ್ಟ್ ಓಡಾಡುವ ಕಡೆ ನೆಲದ ಮೇಲೆ ನೀಲಿ ಬೆಳಕು ಬೀಳಿಸುವ ದೀಪವನ್ನು ಗಾಡಿಗೇ ಕಟ್ಟುತ್ತಾರೆ. ಗದ್ದಲದ ಯಂತ್ರಗಳ ಹತ್ತಿರ ಕಿವಿ ಕೇಳುವ ಕಾರ್ಮಿಕರೂ ಕಿವಿಗೆ ಬಿರಡೆ ಹಾಕಿಕೊಂಡೇ ನಿಂತಿರುತ್ತಾರೆ, ಅವರಿಗೂ ಸೈರನ್ ಅರ್ಧ ಕೇಳಿಸುವುದಿಲ್ಲ. ದೀಪ ಹಾಕಿದರೆ ಅವರಿಗೂ ಅನುಕೂಲ, ಅಲ್ವಾ?

ಹಾಗಾಗಿ ಕಂಪನಿಗೆ ನೀವು ಬರೆಯುವ ಪತ್ರದಲ್ಲಿ ಬೈಗುಳ ಬೇಡ. ಇಂಥ ದಿನ ಸಂದರ್ಶನಕ್ಕೆ ಬಂದೆವು, ಕೈಕೆಲಸದ ಪರೀಕ್ಷೆಯಲ್ಲಿ ಪಾಸಾದಳು, ಇಂಥ ಕಾರಣ ಹೇಳಿ ನಿರಾಕರಿಸಿದಿರಿ, ಆ ಕಾರಣಕ್ಕೆ ಈ ಈ ಪರಿಹಾರಗಳಿವೆ, ಮತ್ತೆ ಪರಿಗಣಿಸಿ ಅಥವಾ ಬರವಣಿಗೆಯಲ್ಲಿ ಕಾರಣ ಕೊಡಿ. ಇಷ್ಟೇ. ಸಂದರ್ಶನಕ್ಕೆ ಸಂಜ್ಞಾ ಭಾಷೆಯ ದುಭಾಷಿ ಬೇಕು ಎಂಬುದನ್ನೂ ಸೇರಿಸಿ. ದುಭಾಷಿ ಅಲ್ಲಿಗೇ ಬರಬೇಕಾಗಿಲ್ಲ, ವಿಡಿಯೊ ಕರೆಯಲ್ಲಿ ಆಗುತ್ತದೆ. ಇದು ಅತಿಯಾಯಿತು ಎಂದು ಯಾರಾದರೂ ಅಂದರೆ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರ ಹೆಸರು ಹೇಳಿ. ಅವರಿಗೆ ಕಿವಿ ಕೇಳಿಸುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ದುಭಾಷಿಯ ಜೊತೆ ಸುಪ್ರೀಂ ಕೋರ್ಟಿನ ಮುಂದೆ ಬಂದರು. 2024ರ ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಾಡಿದರು. ಹೈಕೋರ್ಟಿನಲ್ಲಿ ಆಗುವುದು ಕಾರ್ಖಾನೆಯ ಸಂದರ್ಶನದಲ್ಲಿ ಯಾಕೆ ಆಗಬಾರದು?

ಆ ಮನುಷ್ಯ ಎಲ್ಲರ ಮುಂದೆ ಆಡಿದ ಮಾತಿನ ಬಗ್ಗೆ. ಅಂಗವಿಕಲರನ್ನು ಅವಮಾನ ಮಾಡಬೇಕೆಂದೇ ಸಾರ್ವಜನಿಕರ ಎದುರು ಬೇಕಂತಲೇ ಹೀಯಾಳಿಸಿದರೆ 92ನೇ ಸೆಕ್ಷನ್ ಕೆಳಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ದೂರು ಕೊಡುವುದೋ ಬಿಡುವುದೋ ನಿಮ್ಮ ಮಗಳೇ ತೀರ್ಮಾನಿಸಲಿ. ಅವಳಿಗೆ ಕೇಳಿಸಲಿಲ್ಲ ಎಂದು ನೀವು ಮುಚ್ಚಿಡಬೇಡಿ. ದೊಡ್ಡವಳಾಗಿದ್ದಾಳೆ, ಅವಳ ಬಗ್ಗೆ ಆಡಿದ ಮಾತು ಅವಳಿಗೆ ತಿಳಿಯಬೇಕು.

ಕಂಪನಿಯಿಂದ ಉತ್ತರ ಬರದಿದ್ದರೆ ನಿಮ್ಮ ಪತ್ರದ ಪ್ರತಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಸೇರಿಸಿ ರಾಜ್ಯ ಆಯುಕ್ತರಿಗೆ ದೂರು ಕಳಿಸಿ. ವಕೀಲರೇ ಆಗಬೇಕೆಂದಿಲ್ಲ. ಬರೆಯಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಸಹಾಯ ಮಾಡುತ್ತಾರೆ. ತುಮಕೂರಿನ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಿ.

ಪ್ರಶ್ನೆ: ನಮ್ಮ ಯಜಮಾನರು ಸರ್ಕಾರಿ ಸ್ವಾಮ್ಯದ ಒಂದು ನಿಗಮದಲ್ಲಿ ಚಾಲಕರು. ಸಕ್ಕರೆ ಕಾಯಿಲೆಯಿಂದ ಎರಡು ಕಣ್ಣೂ ಮಂಜಾಗಿ ಈಗ ಗಾಡಿ ಓಡಿಸಲು ಆಗುತ್ತಿಲ್ಲ. ಸ್ವಯಂ ನಿವೃತ್ತಿ ಕಾಗದ ತಂದು 'ಸಹಿ ಹಾಕಿ, ದುಡ್ಡು ಬೇಗ ಬರುತ್ತೆ' ಅಂತಿದ್ದಾರೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಹಾಕಬಹುದಾ?
(ಕುಣಿಗಲ್)

ಉತ್ತರ: ಬೇಡ ತಂಗಿ, ಹಾಕಿಸಬೇಡಿ. ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾಗಬಾರದೆಂದು ಸಂಪಾದಕರು ನಿಮಗೆ ಮೊದಲೇ ಫೋನ್ ಮಾಡಿ ಇದನ್ನು ತಿಳಿಸಿದ್ದಾರೆ. ಉಳಿದವರಿಗೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸದಲ್ಲಿರುವಾಗ ಅಂಗವಿಕಲರಾದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದು 20ನೇ ಸೆಕ್ಷನ್ನಿನ 4ನೇ ಭಾಗ. ಹಳೆಯ ಕೆಲಸ ಮಾಡಲು ಆಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯದಲ್ಲಿ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿ ವಯಸ್ಸಿನ ತನಕ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅಲ್ಲಿ ಇಡಬೇಕು. ಸರ್ಕಾರದ ಒಡೆತನದ ನಿಗಮಗಳೂ ಇದರೊಳಗೆ ಬರುತ್ತವೆ. ಹಳೆಯ ಕಾನೂನಿನಲ್ಲೂ ಇದೇ ಮಾತಿತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. 2025ರ ಆಗಸ್ಟಿನಲ್ಲಿ ತೆಲಂಗಾಣದ ಬಸ್ ಚಾಲಕರೊಬ್ಬರ ಪ್ರಕರಣದಲ್ಲೂ ಹಾಗೇ ಆಯಿತು. ಬಣ್ಣ ಗುರುತಿಸಲು ಆಗುವುದಿಲ್ಲ ಎಂದು ಅವರನ್ನು ಮನೆಗೆ ಕಳಿಸಿದ್ದರು. ಬೇರೆ ಕೆಲಸ ಕೊಡಿ ಎಂದು ಕೋರ್ಟ್ ಆದೇಶಿಸಿತು.

ಸ್ವಯಂ ನಿವೃತ್ತಿ ಕಾಗದಕ್ಕೆ ಸಹಿ ಹಾಕಿದರೆ ತಾವಾಗಿಯೇ ಬಿಟ್ಟರು ಎಂದಾಗುತ್ತದೆ. ಆಮೇಲೆ ಈ ರಕ್ಷಣೆ ಪಡೆಯುವುದು ಬಹಳ ಕಷ್ಟ. ಬದಲಿಗೆ ಯಜಮಾನರಿಂದ ಒಂದು ಅರ್ಜಿ ಬರೆಸಿ: ಕಣ್ಣಿನ ತೊಂದರೆಯಿಂದ ಚಾಲಕನ ಕೆಲಸ ಆಗುತ್ತಿಲ್ಲ, 20(4)ರ ಪ್ರಕಾರ ಪರ್ಯಾಯ ಹುದ್ದೆ ಕೊಡಿ. ಡಿಪೊದಲ್ಲಿ ವಿಚಾರಣೆ ಕೌಂಟರ್, ದಾಸ್ತಾನು ಕೋಣೆ, ದೂರವಾಣಿ, ಹೀಗೆ ಏನೇನು ಮಾಡಬಲ್ಲರೋ ಬರೆಯಿರಿ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಕಣ್ಣಿನ ಚಿಕಿತ್ಸೆಯನ್ನೂ ಅರ್ಧಕ್ಕೆ ಬಿಡಬೇಡಿ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಿ ಬನ್ನಿ. ಉಳಿದಿರುವ ದೃಷ್ಟಿ ಉಳಿದರೆ ಅದೇ ದೊಡ್ಡದು.

ಮತ್ತೊಂದು ಮಾತು. ಮನೆಯಲ್ಲಿ ಅವರ ಕೈಲಿ ಕೆಲಸ ಬಿಡಿಸಬೇಡಿ. ನಡುವಯಸ್ಸಿನಲ್ಲಿ ಕಣ್ಣು ಹೋದವರು ಮೊದಲು ಕಳೆದುಕೊಳ್ಳುವುದು ಧೈರ್ಯವನ್ನು. ಫೋನಿನ ಸೆಟ್ಟಿಂಗ್ಸಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇರುತ್ತದೆ, ಮಕ್ಕಳಿಗೆ ಹೇಳಿ ಕಲಿಸಿಕೊಡಲಿ. ಶುರುವಿನಲ್ಲಿ ರೇಗುತ್ತಾರೆ. ಅಭ್ಯಾಸವಾದ ಮೇಲೆ ಫೋನು ಬಿಡುವುದಿಲ್ಲ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಶಾಖೆಗೆ ಕಿವಿ ಕೇಳದ ಒಬ್ಬ ಹುಡುಗ ಗುಮಾಸ್ತನಾಗಿ ಬಂದಿದ್ದಾನೆ. ಲೆಕ್ಕದಲ್ಲಿ ಬಹಳ ಚುರುಕು. ನಾವು ಮಾತಾಡಲು ಹೋದರೆ ತಲೆ ಆಡಿಸುತ್ತಾನೆ, ಅರ್ಥ ಆಯಿತೋ ಇಲ್ಲವೋ ತಿಳಿಯುವುದಿಲ್ಲ. ಮಧ್ಯಾಹ್ನ ಊಟಕ್ಕೂ ಒಬ್ಬನೇ ಕೂರುತ್ತಾನೆ. ನಮಗೆ ಬೇಜಾರು. ಹೇಗೆ ನಡೆದುಕೊಳ್ಳಬೇಕು?
(ಶಿರಾ, ಶಾಖಾ ವ್ಯವಸ್ಥಾಪಕರು)

ಉತ್ತರ: ನಿಮ್ಮಂಥ ವ್ಯವಸ್ಥಾಪಕರು ಬರೆದದ್ದು ಖುಷಿಯಾಯಿತು. ನನಗೆ ಕಿವಿ ಕೇಳಿಸುತ್ತದೆ, ಹಾಗಾಗಿ ಇದು ನನ್ನ ಸ್ವಂತ ಅನುಭವ ಅಲ್ಲ. ಕಿವಿ ಕೇಳದ ಕಕ್ಷಿದಾರರಿಂದ, ಅವರ ದುಭಾಷಿಗಳಿಂದ ಕಲಿತದ್ದನ್ನು ಹೇಳುತ್ತೇನೆ.

ತಲೆ ಆಡಿಸುವುದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಮತ್ತೆ ಮತ್ತೆ ಕೇಳಿದರೆ ಜನ ಮುಖ ಸಿಂಡರಿಸುತ್ತಾರೆ ಎಂದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ತಲೆ ಆಡಿಸಿಬಿಡುತ್ತಾರೆ. ಕೂಗಿ ಹೇಳಿದರೆ ಪ್ರಯೋಜನ ಇಲ್ಲ. ತುಟಿ ಓದುತ್ತಾರೆ ಎಂಬ ನಂಬಿಕೆಯಲ್ಲೂ ಇರಬೇಡಿ. ಕನ್ನಡದಲ್ಲಿ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವಂತೆ. ಹೇಳಬೇಕಾದ್ದನ್ನು ಬರೆದು ತೋರಿಸಿ. ವಾಟ್ಸ್‌ಆ್ಯಪ್ ಇದೆ, ಸ್ಲಿಪ್ಪು ಪೆನ್ನು ಇದೆ. ವಾಕ್ಯ ಚಿಕ್ಕದಿರಲಿ. ಸಂಜ್ಞೆಯಲ್ಲೇ ಯೋಚಿಸುವವರಿಗೆ ಬರೆದ ಕನ್ನಡ ಎರಡನೆಯ ಭಾಷೆ. ಅವನ ಬರವಣಿಗೆಯಲ್ಲಿ ವಿಭಕ್ತಿ ತಪ್ಪಿದರೆ ಬುದ್ಧಿ ಕಡಿಮೆ ಎಂದುಕೊಳ್ಳಬೇಡಿ. ಹೇಳಿದ್ದು ಅರ್ಥವಾಯಿತಾ ಎಂದು ಕೇಳುವ ಬದಲು, ಈಗ ಏನು ಮಾಡುತ್ತೀಯ ಎಂದು ಕೇಳಿ. ಉತ್ತರದಲ್ಲಿ ಗೊತ್ತಾಗುತ್ತದೆ.

ಸಿಬ್ಬಂದಿ ಸಭೆಗೆ ಮೊದಲೇ ವಿಷಯಗಳ ಪಟ್ಟಿ ಅವನ ಕೈಗೆ ಕೊಡಿ. ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ. ಅವನಿಗೆ ಎಲ್ಲರ ಮುಖ ಕಾಣುವ ಜಾಗ ಕೊಡಿ, ಮಾತಾಡುವವರ ಬೆನ್ನಿಗೆ ಕಿಟಕಿ ಇದ್ದರೆ ಮುಖ ಕತ್ತಲಾಗುತ್ತದೆ. ಗ್ರಾಹಕರಿಗೆ ಗೊತ್ತಾಗುವಂತೆ ಕೌಂಟರಿನ ಮೇಲೆ 'ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬರೆದು ತಿಳಿಸಿ' ಎಂಬ ಫಲಕ ಇಡಬಹುದು. ಆದರೆ ಅವನನ್ನು ಕೇಳಿ ಇಡಿ.

ಊಟದ ವಿಷಯಕ್ಕೆ ನೀವೆಲ್ಲ ಸ್ವಲ್ಪ ಸಂಜ್ಞೆ ಕಲಿಯುವುದೇ ದಾರಿ. ಊಟ ಆಯ್ತಾ, ಬಾ, ಚೆನ್ನಾಗಿದೆ, ನಾಳೆ ರಜ. ಇಷ್ಟು ಬಂದರೂ ಪಕ್ಕದಲ್ಲಿ ಕೂರುತ್ತಾನೆ. ಸರ್ಕಾರ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ದೆಹಲಿಯಲ್ಲಿ ಶುರುಮಾಡಿತು. 2018ರಲ್ಲಿ 3,000 ಪದಗಳ ನಿಘಂಟು ತಂದಿತು, 2021ರ ಹೊತ್ತಿಗೆ ಅದು 10,000 ಪದ ಆಯಿತು. ಎಲ್ಲ ವಿಡಿಯೊಗಳು, ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತವೆ. ಅದಕ್ಕಿಂತ ಒಳ್ಳೆಯದು, ವಾರಕ್ಕೊಮ್ಮೆ ಅವನೇ ನಿಮಗೆಲ್ಲ ಕಲಿಸಲಿ. ಒಪ್ಪಿದರೆ ಮಾತ್ರ.

ಪ್ರಶ್ನೆ: ನಾನು ಮಂದದೃಷ್ಟಿಯ ವಿದ್ಯಾರ್ಥಿನಿ, ಕಾನೂನು ಓದುತ್ತಿದ್ದೇನೆ. ನ್ಯಾಯಾಧೀಶೆ ಆಗಬೇಕೆಂಬ ಆಸೆ. ಕಣ್ಣು ಕಾಣದವರು ಸಾಕ್ಷಿಯ ಮುಖ ನೋಡಿ ಹೇಗೆ ತೀರ್ಪು ಕೊಡುತ್ತಾರೆ ಎಂದು ನೆಂಟರು ಕೇಳುತ್ತಾರೆ. ಪರೀಕ್ಷೆಗೆ ನಾನು ಹೇಳಿದ್ದನ್ನು ಬರೆಯುವ ಬರಹಗಾರರನ್ನು ಕೇಳಬಹುದಾ?
(ಮಧುಗಿರಿ)

ಉತ್ತರ: ನೆಂಟರಿಗೆ 2025ರ ಮಾರ್ಚ್ 3ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಮ್ಮ. ಮಧ್ಯಪ್ರದೇಶದಲ್ಲಿ ದೃಷ್ಟಿ ಇಲ್ಲದವರು ನ್ಯಾಯಾಂಗ ಸೇವೆಗೆ ಬರದಂತೆ ತಡೆದಿದ್ದ ನಿಯಮವನ್ನು ಅದು ರದ್ದುಮಾಡಿತು. ಅಂಗವಿಕಲತೆ ಒಂದನ್ನೇ ಕಾರಣ ಮಾಡಿ ನ್ಯಾಯಾಂಗ ಸೇವೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆ ಸುದ್ದಿ ಕೇಳಿದ ದಿನ ನಾನು ಕೋರ್ಟಿನ ಆವರಣದಲ್ಲಿದ್ದೆ. ಕಿರಿಯ ವಕೀಲರೊಬ್ಬರು ಓಡಿ ಬಂದು ಹೇಳಿದರು. ನನ್ನ ವಯಸ್ಸಿಗೆ ಆ ಪರೀಕ್ಷೆ ಇನ್ನಿಲ್ಲ, ನಿಮ್ಮ ವಯಸ್ಸಿಗೆ ಇದೆ. ಇನ್ನು ಸಾಕ್ಷಿಯ ಮಾತು. ಸುಳ್ಳು ಹೇಳುವವರು ಮುಖವನ್ನು ಚೆನ್ನಾಗಿ ಪಳಗಿಸಿರುತ್ತಾರೆ. ಹಿಂದೆ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಎಲ್ಲಿ ತಾಳೆ ಆಗುವುದಿಲ್ಲ ಎಂದು ಹಿಡಿಯಲು ಕಿವಿ, ನೆನಪು, ದಾಖಲೆ ಬೇಕು.

ಬರಹಗಾರರನ್ನು ಕೇಳಬಹುದು. 2018ರ ಆಗಸ್ಟ್ 29ರ ಕೇಂದ್ರ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ನಿಜವಾಗಿ ಕಷ್ಟ ಇರುವವರಿಗೆ ಶೇ 40 ಇಲ್ಲದಿದ್ದರೂ ಬರಹಗಾರರನ್ನು ಕೊಡಬೇಕು ಎಂದಿತು. ಬರಹಗಾರರ ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ಪರೀಕ್ಷೆಯ ಅಧಿಸೂಚನೆಯನ್ನು ಪೂರ್ತಿ ಓದಿ. ಬರಹಗಾರರು ಬೇಕು ಎಂಬುದನ್ನು ಅರ್ಜಿ ತುಂಬುವಾಗಲೇ ನಮೂದಿಸಿ. ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತು ಕೇಳಿದರೆ ಆಗುವುದಿಲ್ಲ. ನಿಮಗೆ ಸ್ವಲ್ಪ ದೃಷ್ಟಿ ಇರುವುದರಿಂದ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಸಾಕಾಗುತ್ತದಾ ಎಂದೂ ಮನೆಯಲ್ಲಿ ಪರೀಕ್ಷಿಸಿ ನೋಡಿ. ಸ್ವಂತ ಕೈಯಲ್ಲಿ ಬರೆಯಲು ಆದರೆ ಉತ್ತರ ನಿಮ್ಮ ಯೋಚನೆಯ ವೇಗದಲ್ಲೇ ಬರುತ್ತದೆ. ಬರಹಗಾರರೇ ಬೇಕಾದರೆ ಅವರ ಜೊತೆ ಕೂತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಸಿ ಅಭ್ಯಾಸ ಮಾಡಿ. ಸೆಕ್ಷನ್ನುಗಳ ಹೆಸರು ಅವರಿಗೆ ಹೊಸತು, ಕಾಗುಣಿತ ಹೇಳಿ ಬರೆಸುವುದರಲ್ಲೇ ಹೊತ್ತು ಹೋಗುತ್ತದೆ.